ಗುರುಲಿಂಗಪ್ಪ ಮಗನನ್ನು ಸೋಲಿಸಹೊರಟದ್ದು

ಎಲ್ಲದಕ್ಕೂ ಮೂಲ ಒಂದು ಸಹಿ. ಉಟಗಿಯ ಕಿರಾಣಿ ಅಂಗಡಿಯ ಗುರುಲಿಂಗಪ್ಪ ಬೆಲ್ಲ ತೂಗುತ್ತ ಕೂತಿದ್ದಾಗ ಗಂಡುಮಕ್ಕಳ ಶಾಲೆಯ ವಿಠೋಬ ಮಾಸ್ತರರು ಒಂದು ಕಾಗದ ತಂದು ಮುಂದೆ ಹಿಡಿದರು. ತಾಲೂಕಿನ ಶಾಲೆಗಳ ಈಜುವ ಶರ್ಯತ್ತಿಗೆ ಅವನ ಮಗ ಅಣ್ಣಾರಾಯನನ್ನು ಆರಿಸಿದ್ದರು, ತಂದೆಯ ಒಪ್ಪಿಗೆ ಬೇಕಾಗಿತ್ತು. ಗುರುಲಿಂಗಪ್ಪ ಒಲ್ಲೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತಿದ್ದ ಲಾಲಸಾಬ, "ಭೀಮಾ ಹೊಳಿ ದಾಟಿದ ಗಂಡಸಿನ ಮಗಾರಿ ಅವ, ಕೇಳೂದೇನೈತಿ" ಎಂದುಬಿಟ್ಟ. ಅಂಗಡಿಯ ಮುಂದೆ ನಿಂತಿದ್ದ ಗಿರಾಕಿಗಳು ಹೌದು ಹೌದೆಂದು ತಲೆಯಾಡಿಸಿದರು. ಗುರುಲಿಂಗಪ್ಪ ತೆರೆದ ಬಾಯಿ ಮುಚ್ಚಿ ಸಹಿ ಹಾಕಿದ.

ಭೀಮಾ ದಾಟಿದ್ದು ಸುಳ್ಳಲ್ಲ. ಇಪ್ಪತ್ತು ವರ್ಷದ ಹಿಂದೆ ತುಂಬಿದ ಹೊಳೆಯನ್ನು ಅವನು ದಾಟಿದ್ದ, ನಾವೆಯ ತಳದಲ್ಲಿ ಜೋಳದ ಎರಡು ಚೀಲಗಳ ನಡುವೆ ಕಣ್ಣು ಮುಚ್ಚಿ ಕೂತು ದಾಟಿದ್ದ. ಹೇಗೆ ದಾಟಿದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ವರ್ಷ ಹೋದಂತೆ ಹೊಳೆ ಅಗಲವಾಗುತ್ತ ಬಂತು, ನಾವೆ ಸಣ್ಣದಾಗುತ್ತ ಬಂದು ಕಡೆಗೊಮ್ಮೆ ಕತೆಯಿಂದಲೇ ಮಾಯವಾಯಿತು. ನಿಜ ಹೇಳಬೇಕೆಂದರೆ ಗುರುಲಿಂಗಪ್ಪನಿಗೆ ನೀರೆಂದರೆ ಜೀವ ಹೋಗುತ್ತಿತ್ತು. ಸ್ನಾನಕ್ಕೆ ಕೂತಾಗಲೂ ತಂಬಿಗೆಯನ್ನು ಒಮ್ಮೆಲೇ ತಲೆಗೆ ಸುರಿದುಕೊಳ್ಳುವ ಧೈರ್ಯವಿಲ್ಲದೆ ಭುಜದಿಂದ ಶುರು ಮಾಡುತ್ತಿದ್ದ.

ಜತ್ತ ತಾಲೂಕಿನಲ್ಲಿ ಈಜುವ ಶರ್ಯತ್ತು ಇಡುವುದೆಂದರೆ ಬೋಳು ತಲೆಯವನಿಗೆ ಬಾಚಣಿಗೆ ಬಹುಮಾನ ಕೊಟ್ಟ ಹಾಗೆ. ಕುಡಿಯುವ ನೀರಿಗೇ ಕೊಡಗಳನ್ನು ಸಾಲು ಹಚ್ಚುವ ಊರುಗಳು ಇವು. ಆದರೆ ಸಂಸ್ಥಾನ ಹೋಗಿ ಐದು ವರ್ಷವಾಗಿತ್ತು. ಮಕ್ಕಳು ಓಡಬೇಕು, ಆಡಬೇಕು, ಈಜಬೇಕು ಎಂದು ಹೊಸ ಸರ್ಕಾರದ ಹುಕುಂ ಬಂದಿತ್ತು. ಆ ವರ್ಷ ಹಸ್ತದ ಮಳೆಯೂ ದಾರಿ ತಪ್ಪಿದವರಂತೆ ಈ ಕಡೆ ಬಂದು ಮುಚ್ಚಂಡಿಯ ದೊಡ್ಡ ಬಾವಿಯನ್ನು ತುಂಬಿಸಿ ಹೋಗಿತ್ತು. ಒಂದು ದಿನದ ಮಾತು, ಬಾವಿಯಲ್ಲಿ ಮೂರು ಸುತ್ತು ಹೊಡೆದು ಮಗ ಮನೆಗೆ ಬರುತ್ತಾನೆ ಎಂದು ಗುರುಲಿಂಗಪ್ಪ ಎಂಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆ ಸಮಾಧಾನ ಶರ್ಯತ್ತಿನ ದಿನ ಬೆಳಗಿನ ಚಹಾದ ಹೊತ್ತಿಗೆ ಮುಗಿಯಿತು. ಲಾಲಸಾಬ ನಮಾಜು ಮುಗಿಸಿ ನೆಟ್ಟಗೆ ಅವನ ಮನೆಗೆ ಬಂದ. ಅವನ ಕೈಯಲ್ಲಿ ಅಣ್ಣಾರಾಯನಿಗೆಂದು ಹೊಲಿದ ಕೆಂಪು ಚಡ್ಡಿ, ಬಾಯಲ್ಲಿ ಮಾಸ್ತರರು ಹೇಳಿದ ಹೊಸ ಸುದ್ದಿ ಇತ್ತು.

"ಇವತ್ತ ಗೆದ್ರ ಮುಂದ ಸಾಂಗ್ಲಿರಿ ಸಾವಕಾರ್ರ. ಗೆದ್ದವ್ರನ್ನ ಕೃಷ್ಣಾ ಹೊಳ್ಯಾಗ ಇಳಸ್ತಾರಂತ, ಈ ದಂಡಿಯಿಂದ ಆ ದಂಡಿಗೆ. ಮೊಸಳಿ ಅದಾವಂತ, ಆದ್ರ ಹಗಲಿ ಮನಷ್ಯಾರ ಗೊಡವಿಗೆ ಬರೂದಿಲ್ಲಂತ."

ಗುರುಲಿಂಗಪ್ಪ ಬಶಿಯಲ್ಲಿದ್ದ ಚಹಾವನ್ನು ಕುಡಿಯದೆ ಹಾಗೆಯೇ ಕೆಳಗಿಟ್ಟ. ಅಣ್ಣಾರಾಯ ಮೂರು ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ. ಅವನನ್ನು ಬಾವಿಗೆ ಇಳಿಸುವುದೇ ಹೆಚ್ಚಾಗಿತ್ತು, ಈಗ ಮೊಸಳೆಯ ಒಳ್ಳೆಯತನವನ್ನು ನಂಬಿ ಕೃಷ್ಣೆಗೆ ಬಿಡಬೇಕೆ? ಮಗ ಇವತ್ತು ಸೋಲಲೇಬೇಕು ಎಂದು ಅವನು ಅಲ್ಲೇ ತೀರ್ಮಾನ ಮಾಡಿದ. ಆದರೆ ಇದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಉಟಗಿಯ ಗಂಡಸರೆಲ್ಲ ಮುಚ್ಚಂಡಿಯವರ ಮೀಸೆ ಇಳಿಸಲು ಎಂಟು ದಿನದಿಂದ ಕಾಯುತ್ತಿದ್ದರು.

ಮೊದಲನೆಯ ಉಪಾಯ ಹೊಟ್ಟೆಯದು. ಹೊಟ್ಟೆ ಬಿರಿಯುವಂತೆ ಉಂಡ ಹುಡುಗ ನೀರಿನಲ್ಲಿ ಹೇಗೆ ಓಡಾಡಿಯಾನು? ಹೂರಣದ ಹೋಳಿಗೆ ಮಾಡೆಂದು ಹೆಂಡತಿ ಶಿವಲಿಂಗವ್ವನಿಗೆ ಹೇಳಿದ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬರಿಯ ಸೋಮವಾರ ಹೋಳಿಗೆ ಏಕೆಂದು ಆಕೆ ಅವನ ಮುಖವನ್ನು ಎರಡು ಸಲ ನೋಡಿ ಬೇಳೆ ಬೇಯಲಿಟ್ಟಳು. ಅಣ್ಣಾರಾಯ ತುಪ್ಪ ಸುರಿದುಕೊಂಡು ಒಂಬತ್ತು ಹೋಳಿಗೆ ತಿಂದ. ನೆರೆಮನೆಯ ಇಂದ್ರಾಬಾಯಿ ಹುಡುಗನಿಗೆ ಶಕ್ತಿ ಬರಲೆಂದು ಒಂದು ಚರಿಗೆ ಕಾಸಿದ ಹಾಲು ತಂದಳು, ಅದನ್ನೂ ಕುಡಿದ. ಆಮೇಲೆ ಒಂದು ತೇಗು ತೆಗೆದು ಕರುವಿನ ಹಾಗೆ ಅಂಗಳದಲ್ಲೆಲ್ಲ ಜಿಗಿದಾಡಿದ. ಮಗನಿಗೆ ಹುರುಪು ಬರಲೆಂದು ಜೊತೆಗೆ ಕೂತು ಆರು ಹೋಳಿಗೆ ತಿಂದಿದ್ದ ಗುರುಲಿಂಗಪ್ಪನಿಗೆ ಮಾತ್ರ ಕಣ್ಣು ಎಳೆಯತೊಡಗಿದವು.

ಎರಡನೆಯ ಉಪಾಯ ಬಸ್ಸಿನದು. ಒಂಬತ್ತರ ಎಸ್.ಟಿ. ತಪ್ಪಿದರೆ ಮುಚ್ಚಂಡಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವಂತಿರಲಿಲ್ಲ. ಬಸ್ಸು ಬಂದು ನಿಂತಾಗ ಅವನು ಅಂಗಡಿಯ ಕೀಲಿಕೈ ಕಳೆದಿದೆ, ಬಾಗಿಲು ತೆರೆದಿಟ್ಟು ಹೇಗೆ ಬರಲಿ ಎಂದು ಗೋಳಾಡತೊಡಗಿದ. ಲಾಲಸಾಬ ಬಸ್ಸಿನ ಮುಂದೆ ಕೈ ಚಾಚಿ ನಿಂತ. ಸಾವಕಾರರ ಮಗ ಊರಿನ ಮಾನ ಉಳಿಸಲು ಹೊರಟಿದ್ದಾನೆ ಎಂದು ತಿಳಿದ ಕಂಡಕ್ಟರ ಇಳಿದು ಬಂದು ಹುಡುಕಿದ, ಡ್ರೈವರ ಹುಡುಕಿದ, ಬಸ್ಸಿನಲ್ಲಿದ್ದ ಕುರಿ ವ್ಯಾಪಾರಿಗಳೂ ಇಳಿದು ಕಟ್ಟೆಯ ಕೆಳಗೆಲ್ಲ ಇಣುಕಿದರು. ಅರ್ಧ ತಾಸು ಇಷ್ಟು ಜನ ಒಂದು ಕೀಲಿಕೈಗಾಗಿ ಮಣ್ಣು ಕೆದರಿದ ಮೇಲೆ ಒಂಬತ್ತು ವರ್ಷದ ಮಗಳು ಭಾಗವ್ವ ಅಪ್ಪನ ಬಳಿ ಬಂದು ಅವನ ಸೊಂಟದ ಸಂಚಿಗೆ ಕೈ ಹಾಕಿ ಅದನ್ನು ತೆಗೆದುಕೊಟ್ಟಳು. ಎಲ್ಲರೂ ನಕ್ಕು ಬಸ್ಸು ಹತ್ತಿದರು. ಗಂಡನ ನಡೆ ಯಾಕೋ ನೆಟ್ಟಗಿಲ್ಲ ಎಂದು ಅನಿಸಿದ ಶಿವಲಿಂಗವ್ವ ಬುತ್ತಿಯ ಗಂಟನ್ನು ಭಾಗವ್ವನ ಕೈಗೆ ಕೊಟ್ಟು, ಅಪ್ಪನ ಮೇಲೆ ಒಂದು ಕಣ್ಣಿಟ್ಟಿರು ಎಂದು ಅವಳನ್ನೂ ಹತ್ತಿಸಿದಳು.

ಬಸ್ಸಿನಲ್ಲಿ ಮೂರನೆಯ ಉಪಾಯ ಹೊಳೆಯಿತು. ಹುಡುಗನ ಕೊರಳಲ್ಲಿ ಲಿಂಗವಿದೆ, ನೀರಿಗೆ ಹಾರಿದಾಗ ಅದು ಬಿಚ್ಚಿಕೊಂಡು ಬಾವಿಯ ಪಾಲಾದರೆ ಗತಿಯೇನು ಎಂದು ಮಾಸ್ತರರ ಮುಂದೆ ತೆಗೆದ. ಇದು ಗಟ್ಟಿ ಮಾತು, ಮಾಸ್ತರರು ವಿಚಾರಕ್ಕೆ ಬಿದ್ದರು. ಲಾಲಸಾಬ ಹಿಂದಿನ ಸೀಟಿನಿಂದ ಎದ್ದು ಬಂದು ಕಿಸೆಯಿಂದ ಒಂದು ಬಿಳಿ ಪಟ್ಟಿ ತೆಗೆದ. ನಡುವೆ ಸಣ್ಣ ಚೀಲ, ಅದಕ್ಕೆ ಎರಡು ಗುಂಡಿ, ಹಿಂದೆ ಕಟ್ಟಲು ಲಾಡಿ. ಮಠದ ಅಯ್ಯನವರನ್ನು ಕೇಳಿ, ಅವರ ಎದುರಿಗೇ ಅಳತೆ ಹಾಕಿ ಹೊಲಿದದ್ದು, ಎದೆಗೆ ಕಟ್ಟಿದರೆ ಪ್ರಳಯವಾದರೂ ಬಿಚ್ಚುವುದಿಲ್ಲ ಎಂದ. ಗುರುಲಿಂಗಪ್ಪ ಹೊಲಿಗೆ ಚಲೋ ಆಗಿದೆ ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದ. ಇಷ್ಟು ಒಳ್ಳೆಯ ನೆರೆಯವನು ಶತ್ರುವಿಗೂ ಬೇಡ ಎಂದು ಅವನಿಗೆ ಅನ್ನಿಸಿತು.

ಮುಚ್ಚಂಡಿಯ ಬಾವಿಯನ್ನು ಅವನು ನಾಲ್ಕು ಮಾರು ದೂರದಿಂದಲೇ ಇಣುಕಿ ನೋಡಿದ. ನಾಲ್ಕು ಕಡೆ ಕಲ್ಲಿನ ಗೋಡೆ, ಒಂದು ಕಡೆ ನೀರಿನೊಳಗೆ ಇಳಿಯುವ ಪಾವಟಿಗೆಯ ಮೆಟ್ಟಿಲು, ನಡುವೆ ತಳ ಕಾಣದ ಹಸಿರು ನೀರು. ಸುತ್ತ ಜಾತ್ರೆಯಷ್ಟು ಜನ. ಸಾಂಗ್ಲಿಯಿಂದ ಬಂದ ತಪಾಸಣೆಯ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಕ್ಕಳು ಪಾವಟಿಗೆಯಿಂದ ಹೊರಟು ಎದುರಿನ ಗೋಡೆ ಮುಟ್ಟಿ ತಿರುಗಿ ಬರಬೇಕು, ಅಂಥವು ಮೂರು ಸುತ್ತು.

ಬೇವಿನ ಮರದ ಹಿಂದೆ ಮುಚ್ಚಂಡಿಯ ಹುಡುಗ ಶ್ರೀಶೈಲ ಕೂತಿದ್ದ. ಅವನ ತೋಳು ನೋಡಿ ಗುರುಲಿಂಗಪ್ಪನಿಗೆ ಜೀವ ಬಂತು, ಇವನು ಖಂಡಿತ ಗೆಲ್ಲುತ್ತಾನೆ. ಹತ್ತಿರ ಹೋಗಿ ನೋಡಿದರೆ ಹುಡುಗನ ಅಪ್ಪ ಮುರಗೆಪ್ಪ, ಕೊಂಬಿನಂಥ ಮೀಸೆಯ ರೈತ, ಮಗನ ಬಾಯಿಗೆ ಒಂದರ ಹಿಂದೊಂದು ಶೇಂಗಾದ ಉಂಡೆ ತುರುಕುತ್ತಿದ್ದ. ಗುರುಲಿಂಗಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ. ಈ ವಿದ್ಯೆ ಎಲ್ಲೋ ಕಂಡ ಹಾಗಿದೆಯಲ್ಲ ಎಂದುಕೊಂಡ.

ಮುರಗೆಪ್ಪ ಬೆಚ್ಚಿ ಎದ್ದು ನಿಂತ. ಆಮೇಲೆ ಅತ್ತಿತ್ತ ನೋಡಿ ಅವನ ಕೈ ಹಿಡಿದು ಮರದ ಆಚೆ ಕರೆದೊಯ್ದ. "ಗುರುಲಿಂಗಪ್ಪನವರ, ನಿಮ್ಮ ಹುಡುಗ ಭಾಳ ಚಲೋ ಈಸ್ತಾನಂತ ಕೇಳೀನಿ. ಅವನಽ ಗೆಲ್ಲಲಿರಿ. ಸಿಟ್ಟಿಲ್ಲ, ಹೊಟ್ಟಿಕಿಚ್ಚಿಲ್ಲ."

ಗುರುಲಿಂಗಪ್ಪ ಅವನ ಕಣ್ಣು ನೋಡಿದ. ಕೊಂಬು ಮೀಸೆಯ ಮೇಲೆ ಎರಡು ಕಣ್ಣೂ ಒದ್ದೆಯಾಗಿದ್ದವು. "ಮೊಸಳಿ ಸುದ್ದಿ ನಿಮಗೂ ಮುಟ್ಟೇತೇನ್ರಿ" ಎಂದು ಮೆಲ್ಲಗೆ ಕೇಳಿದ.

"ಮುಟ್ಟೇತರಿ. ಮುಂಜಾನಿಂದ ಅನ್ನ ಇಳಿದಿಲ್ಲ."

ಗುರುಲಿಂಗಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಭೂಮಿಯ ಮೇಲೆ ಹೆದರುವ ಅಪ್ಪ ತಾನೊಬ್ಬನೇ ಅಲ್ಲ; ಮೀಸೆ ಇದ್ದವರೂ ಹೆದರುತ್ತಾರೆ. ಇಬ್ಬರೂ ಮರದ ಬೇರಿನ ಮೇಲೆ ಅಣ್ಣ ತಮ್ಮಂದಿರ ಹಾಗೆ ಕೂತು ಕಷ್ಟ ಸುಖ ಹೇಳಿಕೊಂಡರು. ಇಡೀ ತಾಲೂಕಿನಲ್ಲಿ ಈಜು ಬಲ್ಲ ಹುಡುಗರು ಮೂರೇ ಶಾಲೆಗಳಲ್ಲಿ ಸಿಕ್ಕಿದ್ದರು. ಕುಣಿಕೋಣೂರಿನಿಂದ ಇನ್ನೊಬ್ಬ ಹುಡುಗ ಬರುವವನಿದ್ದ, ಅವನೇ ಗೆದ್ದು ಸಾಂಗ್ಲಿಗೆ ಹೋಗಲಿ ಎಂದು ಇಬ್ಬರೂ ಅವನ ಆಯುಷ್ಯ, ಆರೋಗ್ಯ ಹಾರೈಸಿದರು.

ಹಾರೈಕೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಕುಣಿಕೋಣೂರಿನ ಹುಡುಗನಿಗೆ ಥಂಡಿ ಜ್ವರ, ಬರುವುದಿಲ್ಲ ಎಂದು ಸುದ್ದಿ ಬಂತು. ಸಾಹೇಬರು ಕಾಗದ ತೆಗೆದು ನಿಯಮ ಓದಿದರು. ಒಂದು ಶಾಲೆಗೆ ಒಂದೇ ಮಗು, ಮೂರು ಶಾಲೆಯ ಮಕ್ಕಳಾದರೂ ನೀರಿಗೆ ಇಳಿದರೆ ಮಾತ್ರ ಶರ್ಯತ್ತು; ಇಲ್ಲದಿದ್ದರೆ ಬಂದವರನ್ನೆಲ್ಲ ಹಾಗೆಯೇ ಸಾಂಗ್ಲಿಗೆ ಕಳಿಸಬೇಕು. ಎರಡೂ ಊರಿನವರು ಟೊಪ್ಪಿಗೆ ಹಾರಿಸಿದರು. ಮುರಗೆಪ್ಪ ಬೇವಿನ ಮರಕ್ಕೆ ಒರಗಿಕೊಂಡ.

ಆಪತ್ತಿನಲ್ಲಿ ಕೆಲವರ ಬುದ್ಧಿ ನಿಲ್ಲುತ್ತದೆ, ಕೆಲವರದು ಓಡುತ್ತದೆ. ಗುರುಲಿಂಗಪ್ಪನ ಬುದ್ಧಿ ಆ ದಿನ ಓಡಿತು, ಯಾವ ಕಡೆ ಎಂಬುದು ಆಮೇಲಿನ ಮಾತು. ಉಟಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ಬೇರೆ ಇದೆ, ನನ್ನ ಮಗಳು ಅಲ್ಲಿ ಮೂರನೆಯ ಇಯತ್ತೆ, ಅವಳು ಮೂರನೆಯ ಶಾಲೆಯಾಗುವುದಿಲ್ಲವೆ ಎಂದು ಅವನು ಸಾಹೇಬರನ್ನು ಕೇಳಿದ. ಸಾಹೇಬರು ಕಾಗದವನ್ನು ಹಿಂದೆ ಮುಂದೆ ತಿರುವಿದರು. ಮಗು ಎಂದಿದೆ, ಗಂಡು ಎಂದು ಎಲ್ಲಿಯೂ ಬರೆದಿಲ್ಲ ಎಂದು ಮರಾಠಿಯಲ್ಲಿ ಅಪ್ಪಣೆ ಕೊಟ್ಟರು. ನೀರಿಗೆ ಇಳಿದರೆ ಸಾಕೆ, ಮುಂದೆ ಹೋಗಲೇಬೇಕೆ ಎಂದು ಗುರುಲಿಂಗಪ್ಪ ಮತ್ತೆ ಕೇಳಿದ. ಇಳಿದರೆ ಸಾಕು ಎಂದರು.

ಅವನು ಭಾಗವ್ವನನ್ನು ಕರೆದು ಕೆಲಸ ವಿವರಿಸಿದ. ನೀರೊಳಗಿನ ಮೊದಲನೆಯ ಪಾವಟಿಗೆಯ ಮೇಲೆ ನಿಲ್ಲಬೇಕು, ಮೊಣಕಾಲ ಮಟ ನೀರು, ಗೋಡೆಯ ಕಲ್ಲು ಬಿಡಬಾರದು. ಅವಳು ಬುತ್ತಿಯ ಗಂಟನ್ನು ಲಾಲಸಾಬನ ಕೈಗೆ ಕೊಟ್ಟು ಉಟ್ಟ ಪರಕಾರದ ನೆರಿಗೆ ಎತ್ತಿ ಕಚ್ಚೆ ಕಟ್ಟಿಕೊಂಡಳು. ಹೆದರಿಕೆ ಇಲ್ಲವೇನವ್ವಾ ಎಂದರೆ ಇಲ್ಲ ಎಂದಳು, ಹೆಚ್ಚು ಮಾತಾಡುವ ಹುಡುಗಿಯಲ್ಲ.

ಈಗ ಸಾಂಗ್ಲಿಗೆ ಹೋಗುವವನು ಒಬ್ಬನೇ, ಇಬ್ಬರಲ್ಲಿ ಯಾರು ಎಂಬುದಷ್ಟೇ ಉಳಿದಿತ್ತು. ಶಿವನಿಚ್ಛೆ ಇದ್ದ ಹಾಗೆ ಆಗಲಿ, ನಾವು ಕೈ ಹಾಕುವುದು ಬೇಡ ಎಂದು ಇಬ್ಬರು ಅಪ್ಪಂದಿರೂ ಕೈಯಲ್ಲಿ ಕೈ ಹಾಕಿ ವಚನ ಕೊಟ್ಟರು. ವಚನ ಕೊಟ್ಟ ಕೈ ಬಿಡಿಸಿಕೊಂಡು ಗುರುಲಿಂಗಪ್ಪ ನೇರ ಮಗನ ಬಳಿ ಹೋಗಿ, ಸಾವಕಾಶ ಈಜು, ಹಿಂದೆ ಉಳಿದರೆ ಬೈಸಿಕಲ್ ಕಲಿಸುತ್ತೇನೆ ಎಂದು ಕಿವಿಯಲ್ಲಿ ಹೇಳಿದ. ಹೇಳಿ ತಿರುಗಿದಾಗ ಆಚೆ ಮುರಗೆಪ್ಪನೂ ಶ್ರೀಶೈಲನ ಕಿವಿಯಿಂದ ಬಾಯಿ ತೆಗೆಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ ಎಂಬಂತೆ ಆಕಾಶ ನೋಡಿದರು.

ಸಾಹೇಬರು ಸೀಟಿ ಊದಿದರು. ಗಂಡುಹುಡುಗರಿಬ್ಬರೂ ನೀರಿಗೆ ಹಾರಿದರು. ಹಾರಿದ್ದೇನೋ ಸರಿ, ಆಮೇಲೆ ಬಿಸಿಲಿಗೆ ಕೆರೆಗಿಳಿದ ಎಮ್ಮೆಗಳ ಹಾಗೆ ತೇಲತೊಡಗಿದರು. ಅಣ್ಣಾರಾಯ ಒಂದು ಕೈ ಹಾಕಿ ಶ್ರೀಶೈಲನನ್ನು ನೋಡುತ್ತಿದ್ದ, ಶ್ರೀಶೈಲ ಒಂದು ಕೈ ಹಾಕಿ ಅಣ್ಣಾರಾಯನನ್ನು ನೋಡುತ್ತಿದ್ದ. ದಂಡೆಯ ಮೇಲೆ ಎರಡೂ ಊರಿನ ಗಂಟಲುಗಳು ಹರಿದುಹೋಗುತ್ತಿದ್ದವು. ಹೇಗೋ ಎದುರಿನ ಗೋಡೆ ಬಂತು. ಅಲ್ಲಿ ಇಬ್ಬರೂ ಕಲ್ಲು ಹಿಡಿದು ನಿಂತು, ಬೀಗರ ಊಟದಲ್ಲಿ ಮೊದಲ ತುತ್ತು ಯಾರು ಎತ್ತಬೇಕೆಂದು ಉಪಚಾರ ಮಾಡುವವರ ಹಾಗೆ, ನೀನು ಮುಂದೆ ಹೋಗು, ಇಲ್ಲ ನೀನೇ ಹೋಗು ಎನ್ನತೊಡಗಿದರು.

ಭಾಗವ್ವ ಪಾವಟಿಗೆಯ ಮೇಲೆ ನಿಂತು ಇದನ್ನು ನೋಡುತ್ತಿದ್ದಳು. ಅಪ್ಪ ಹೇಳಿದ ಹಾಗೆ ಕಲ್ಲು ಹಿಡಿದಿದ್ದಳು. ಒಮ್ಮೆ ಅಣ್ಣನನ್ನು ನೋಡಿದಳು, ಒಮ್ಮೆ ಸಾಹೇಬರನ್ನು ನೋಡಿದಳು. ಆಮೇಲೆ ಕಲ್ಲು ಬಿಟ್ಟು, ಸಪ್ಪಳವಿಲ್ಲದೆ ನೀರಿಗೆ ಜಾರಿದಳು.

ಗುರುಲಿಂಗಪ್ಪ ಪಾವಟಿಗೆಯ ಕಡೆ ಓಡಿದ. ಬಾ ಎಂದು ಕೂಗಿದ, ಜನರ ಗದ್ದಲದಲ್ಲಿ ಆ ಕೂಗು ಅವನಿಗೇ ಕೇಳಲಿಲ್ಲ. ಹುಡುಗಿ ಮುಳುಗಲಿಲ್ಲ. ನೀರಹಾವಿನ ಹಾಗೆ ಹಗುರವಾಗಿ ಹೋಗಿ ಗೋಡೆ ಮುಟ್ಟಿ, ಉಪಚಾರದಲ್ಲಿದ್ದ ಇಬ್ಬರ ನಡುವಿನಿಂದ ತಿರುಗಿ ಬಂದಳು. ಎರಡನೆಯ ಸುತ್ತಿಗೆ ಮುಚ್ಚಂಡಿಯವರೂ ಅವಳ ಹೆಸರು ಕೇಳಿ ಕೂಗತೊಡಗಿದರು. ಮೂರನೆಯ ಸುತ್ತು ಮುಗಿಸಿ ಅವಳು ಪಾವಟಿಗೆ ಮುಟ್ಟಿದಾಗ ಯಾರೋ ಅವಳನ್ನು ಎತ್ತಿ ಎದೆಗೆ ಅಪ್ಪಿಕೊಂಡರು. ಅದು ಗುರುಲಿಂಗಪ್ಪ. ಸೊಂಟದ ಮಟ ನೀರಿನಲ್ಲಿ ನಿಂತಿದ್ದ. ಯಾವಾಗ ಇಳಿದ, ಹೇಗೆ ಇಳಿದ, ಅವನಿಗೆ ಗೊತ್ತಿರಲಿಲ್ಲ.

"ಯಾಕ ಕೈ ಬಿಟ್ಟಿ ನನ್ನವ್ವಾ" ಎಂದು ಅಳುತ್ತ ಕೇಳಿದ.

"ಅವ್ರಿಬ್ರೂ ನಿಂತಽ ಬಿಟ್ರಲ್ಲಪ್ಪಾ. ಯಾರರೆ ಹೋಗಬೇಕಲ್ಲ" ಎಂದಳು ಭಾಗವ್ವ.

ಹೊಲದ ಬಾವಿಯಲ್ಲಿ ಅಣ್ಣ ಈಜುವಾಗ ಅವನ ಬಟ್ಟೆ ಕಾಯಲು ಹೋಗುತ್ತಿದ್ದ ಹುಡುಗಿ, ಬಟ್ಟೆ ಎಲ್ಲಿಗೂ ಓಡುವುದಿಲ್ಲ ಎಂದು ತಿಳಿದ ದಿನದಿಂದ ತಾನೂ ಇಳಿದಿದ್ದಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೀರಿನ ಮಾತು ಬಂದರೆ ಅಪ್ಪನ ಮುಖ ಬಿಳಿಚುತ್ತದೆಂದು ಅವನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅಣ್ಣಾರಾಯನೂ ಹತ್ತಿ ಬಂದ. ಎರಡು ಮಕ್ಕಳೂ ಒದ್ದೆಯಾಗಿ, ಜೀವಂತವಾಗಿ ಎದುರಿಗೆ ನಿಂತಿರುವುದನ್ನು ನೋಡಿ ಗುರುಲಿಂಗಪ್ಪನಿಗೆ ಇನ್ನು ಮುಚ್ಚಿಡುವುದು ಏನೂ ಬೇಡ ಎನ್ನಿಸಿತು. ಹೆಣ್ಣುಮಕ್ಕಳ ಶಾಲೆಯ ಭಾಗವ್ವ ಗೆದ್ದಳು, ಸಾಂಗ್ಲಿಗೆ ಹೋಗುತ್ತಾಳೆ ಎಂದು ಸಾಹೇಬರು ಸಾರಿದ ಕೂಡಲೇ ಅವನು ಎಲ್ಲರ ಎದುರಿಗೆ ಕೈ ಮುಗಿದ.

"ಸಾಹೇಬ್ರ, ಕಳಸಾಕ ನನ್ನ ಕಡಿಂದ ಆಗೂದಿಲ್ರಿ. ನನಗ ನೀರಂದ್ರ ಅಂಜಿಕಿ. ಮದಲಿಂದನೂ ಅಂಜಿಕಿ."

ಉಟಗಿಯವರು ಬಾಯಿ ಬಿಟ್ಟು ನೋಡುತ್ತಾರೆ ಎಂದುಕೊಂಡಿದ್ದ. ಯಾರೂ ಬಾಯಿ ಬಿಡಲಿಲ್ಲ. ಲಾಲಸಾಬ ಬಂದು ಒಣ ಟವೆಲ್ಲನ್ನು ಅವನ ಭುಜಕ್ಕೆ ಹಾಕಿದ. "ಅದು ಊರಿಗೆಲ್ಲ ಗೊತ್ತೈತಿರಿ ಸಾವಕಾರ್ರ. ಆ ನಾವ್ಯಾಗ ನಮ್ಮಪ್ಪನೂ ಇದ್ದ. ನಿಮ್ಮ ಮಕ್ಕಳರೆ ಅಂಜಲಾರದಂಗ ಆಗಲಿ ಅಂತ ನಾವೆಲ್ಲಾ ಬೆನ್ನ ಹತ್ತಿದ್ದು."

ಗುರುಲಿಂಗಪ್ಪ ಒಮ್ಮೆ ಲಾಲಸಾಬನನ್ನು ನೋಡಿ, ಒಮ್ಮೆ ಮಾಸ್ತರರನ್ನು ನೋಡಿ ನಗತೊಡಗಿದ. ಇಪ್ಪತ್ತು ವರ್ಷದಿಂದ ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಮೈ ಎಷ್ಟು ಹಗುರಾಯಿತೆಂದರೆ ಸಾಹೇಬರು ಮುಂದೆ ಏನು ಹೇಳುತ್ತಿದ್ದಾರೆ ಎಂಬುದರ ಕಡೆ ಅವನ ಲಕ್ಷ್ಯವೇ ಇರಲಿಲ್ಲ. ಮಾಸ್ತರರು ಕನ್ನಡದಲ್ಲಿ ತಿಳಿಸಿ ಹೇಳಿದರು. ತಂದೆಯ ಹೆದರಿಕೆ ಸಹಜವಾದದ್ದು, ಹೆಣ್ಣುಮಗುವನ್ನು ಒಬ್ಬಳನ್ನೇ ಹೊಳೆಗೆ ಬಿಡುವುದು ಸಾಹೇಬರಿಗೂ ಒಪ್ಪಿಗೆಯಿಲ್ಲ. ಆದ್ದರಿಂದ ಜೊತೆಗೆ ಈಜಲು ಅವಳ ಅಣ್ಣನ ಹೆಸರನ್ನೂ ಬರೆದುಕೊಂಡಿದ್ದಾರೆ. ಇಬ್ಬರೂ ಕೃಷ್ಣೆಗೆ ಇಳಿಯುತ್ತಾರೆ, ಮುಂದಿನ ಸೋಮವಾರ.

ಶ್ರೀಶೈಲನ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇಲ್ಲವೆಂದು ಎರಡು ಸಲ ಓದಿಸಿ ಕೇಳಿದ ಮುರಗೆಪ್ಪ ಓಡಿಬಂದು ಗುರುಲಿಂಗಪ್ಪನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಇಂಥ ದೊಡ್ಡ ಮನಸ್ಸಿನವರನ್ನು ತಾನು ಕಂಡಿಲ್ಲ ಎಂದ. ಅವನ ಮೀಸೆ ಸಂತೋಷದಿಂದ ನಡುಗುತ್ತಿತ್ತು.

ಗುರುಲಿಂಗಪ್ಪ ಪಾವಟಿಗೆಯ ಮೇಲೆ ಕೂತುಬಿಟ್ಟ. ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಆದರೆ ಎರಡೂ ಮಕ್ಕಳು ಎರಡೂ ಮಗ್ಗುಲಲ್ಲಿ ಕೂತು ಮೈಗೆ ಮೈ ಹತ್ತಿಸಿದ್ದರಿಂದ ನಗುವೇ ಬಂತು. ಅಣ್ಣಾರಾಯ ಬೈಸಿಕಲ್ಲಿನ ಮಾತು ತೆಗೆದ. ಭಾಗವ್ವ ಬಾವಿಯನ್ನೇ ನೋಡುತ್ತಿದ್ದಳು.

"ಅಪ್ಪಾ, ಕೃಷ್ಣಾ ಈ ಬಾವಿಗಿಂತ ದೊಡ್ಡದೈತೇನು?"

"ದೊಡ್ಡದೈತವಾ. ಭಾಳ ದೊಡ್ಡದೈತಿ."

ಹುಡುಗಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಂಗಾರ ಚಲೋ ಆತು ಬಿಡು" ಎಂದಳು. "ಸುಮ್ಮ ಸುಮ್ಮನ ಗ್ವಾಡಿ ಮುಟ್ಟಿ ತಿರುಗಿ ಬರೂದು ಇರೂದಿಲ್ಲ."